ಹಿಂದ ಕುಂತವರಿಗೆ ಬೆಲ್ಟ್ ಯಾಕ?

ಚಡಚಣದ ಪೇಟೆಯಲ್ಲಿ ಮದುವೆಯ ಬಸ್ತಾ ಮುಗಿಸಿ ಊರಿಗೆ ಹೊರಟ ಯಾವುದೇ ಕಾರಿನ ಹಿಂದಿನ ಸೀಟಿನವರಿಗೆ ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳಿ ನೋಡಿ. ‘ಹಿಂದ ಕುಂತವರಿಗೆ ಬೆಲ್ಟ್ ಯಾಕ್ರಿ?’ ಎಂಬ ಮರುಪ್ರಶ್ನೆ ನಗುವಿನ ಜೊತೆಗೇ ಬರುತ್ತದೆ. ಹೀಗೆ ಕೇಳುವವರು ಏನೂ ತಿಳಿಯದವರಲ್ಲ. ಸಾಲಿ ಮಾಸ್ತರರು ಕೇಳುತ್ತಾರೆ, ಬ್ಯಾಂಕಿನವರು ಕೇಳುತ್ತಾರೆ, ನಿಂಬೆ ದ್ರಾಕ್ಷಿ ಬೆಳೆದು ನಾಲ್ಕು ಕಾಸು ಕಂಡು ಹೊಸ ಗಾಡಿ ತಂದ ರೈತರು ಕೇಳುತ್ತಾರೆ. ಡಾಕ್ಟರಿಕೆ ಓದಿದವರೂ ಕೇಳಿದ್ದನ್ನು ಕಂಡಿದ್ದೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲಿಗೆ ಹೋದರೂ ಇದೇ ಮಾತು. ಇದು ಅಜ್ಞಾನವಾಗಿದ್ದರೆ ಒಂದು ಸಲ ತಿಳಿಸಿ ಹೇಳಿದರೆ ಹೋಗುತ್ತಿತ್ತು. ಆದರೆ ಇದು ಬೇರು ಬಿಟ್ಟ ನಂಬಿಕೆ. ಮುಂದಿನ ಸೀಟು ಅಪಾಯದ್ದು, ಹಿಂದಿನದು ಸುರಕ್ಷಿತ. ಬೆಲ್ಟ್ ಇರುವುದು ಪೊಲೀಸರಿಗೆ ತೋರಿಸಲು. ಗಾಡಿ ಗಟ್ಟಿಯಿದ್ದು ಏರ್‌ಬ್ಯಾಗ್ ಇದ್ದರೆ ಮುಗಿಯಿತು. ಈ ಮೂರೂ ಸುಳ್ಳು. ಮೂರೂ ಜನರನ್ನು ಕೊಲ್ಲುತ್ತಿವೆ.

ಹಿಂದಿನ ಸೀಟಿನಲ್ಲಿ ನಾವು ಯಾರನ್ನು ಕೂಡಿಸುತ್ತೇವೆ? ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ಯುವ ಆಯಿಯನ್ನು, ಕುಬಸ ಮುಗಿಸಿಕೊಂಡು ತವರಿಗೆ ಬರುವ ಚೊಚ್ಚಲ ಬಸುರಿಯನ್ನು, ಮಡಿಲಲ್ಲಿ ಕೂಸಿಟ್ಟುಕೊಂಡ ತಂಗಿಯನ್ನು. ಮನೆಯಲ್ಲಿ ಯಾರ ಜೀವ ಎಲ್ಲಕ್ಕಿಂತ ಹೆಚ್ಚೋ ಅವರೆಲ್ಲ ಹಿಂದೆ. ಅವರಿಗಾಗಿ ದಿಂಬು ಇಡುತ್ತೇವೆ, ಎಸಿಯ ಗಾಳಿ ನೇರವಾಗಿ ತಾಗದಂತೆ ಕಿಂಡಿ ತಿರುಗಿಸುತ್ತೇವೆ, ಹಾಡಿನ ಸದ್ದು ತಗ್ಗಿಸುತ್ತೇವೆ, ಬಿಸಿಲು ಬೀಳದಂತೆ ಗಾಜಿಗೆ ಪರದೆ ಕಟ್ಟುತ್ತೇವೆ. ಅಷ್ಟೆಲ್ಲ ಮಾಡಿದ ಮೇಲೂ ಅವರ ಭುಜದ ಪಕ್ಕದಲ್ಲೇ ತೂಗುವ ಪಟ್ಟಿಯನ್ನು ಎಳೆದು ಕೊಂಡಿಗೆ ಹಾಕುವುದಿಲ್ಲ. ಮುಂದೆ ಕುಳಿತ ಗಂಡಸು ತಾನು ಮಾತ್ರ ಹಾಕಿಕೊಂಡು, ಅದೂ ಊರ ಹೊರಗೆ ಬಂದ ಮೇಲೆ, ಗಾಡಿ ಬಿಡುತ್ತಾನೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಈ ಜಗಳ ಕಾನೂನಿನದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದ ಪ್ರಕಾರ ಚಾಲಕ, ಪಕ್ಕದವರು, ಮತ್ತು ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನಲ್ಲಿ ಕುಳಿತವರು, ಮೂವರೂ ಬೆಲ್ಟ್ ಹಾಕಲೇಬೇಕು. 2019ರ ತಿದ್ದುಪಡಿಯಲ್ಲಿ ಬಂದ 194ಬಿ ಕಲಂ ಸಾವಿರ ರೂಪಾಯಿ ದಂಡ ಹೇಳುತ್ತದೆ. 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಇಲ್ಲದೆ ಕೂರಿಸಿ ಓಡಿಸಿದರೂ ಅಷ್ಟೇ. ನಮ್ಮ ರಾಜ್ಯ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಲ್ಟಿನ ದಂಡವನ್ನು 500ಕ್ಕೆ ಇಳಿಸಿತು. ಇಳಿಸಿದಾಗ ಜನ ಖುಷಿಪಟ್ಟರು. ಖುಷಿಪಡುವ ಸಂಗತಿ ಅದಾಗಿರಲಿಲ್ಲ. ದಂಡದ ಭಯ ಕೂಡ ಮುಂದಿನ ಸೀಟಿಗೇ ನಿಂತಿತು, ಏಕೆಂದರೆ ಪೊಲೀಸರು ಬಗ್ಗಿ ನೋಡುವುದೂ ಮುಂದಿನ ಗಾಜಿನಲ್ಲೇ. ಝಳಕಿ ಕ್ರಾಸ್ ಬಂತೆಂದು ಬೆಲ್ಟ್ ಎದೆಯ ಮೇಲೆ ಎಳೆದುಕೊಳ್ಳುವುದು, ದಾಟಿದ ಮೇಲೆ ಬಿಡುವುದು; ಧೂಳಖೇಡದಲ್ಲಿ ಮತ್ತೆ ಎಳೆಯುವುದು, ಭೀಮಾ ದಾಟಿದ ಮೇಲೆ ಬಿಡುವುದು. ಕೊಂಡಿಗೆ ಹಾಕದೆ ಬರೀ ಎದೆಯ ಮೇಲೆ ಹಿಡಿದುಕೊಂಡೇ ಚೆಕ್‌ಪೋಸ್ಟ್ ದಾಟುವವರೂ ಇದ್ದಾರೆ. ಗಾಡಿ ಗುದ್ದುವಾಗ ಪೊಲೀಸರು ಅಲ್ಲಿರುವುದಿಲ್ಲ.

ಈಗ ‘ಹಿಂದಿನ ಸೀಟು ಸುರಕ್ಷಿತ’ ಎಂಬ ಮೂಲ ನಂಬಿಕೆಗೆ ಬರೋಣ. ಹಿಂದೆ ಕುಳಿತವರ ಮುಂದೆ ಇನ್ನೊಂದು ಸೀಟು ಇದೆ, ಅದು ತಡೆಯುತ್ತದೆ ಎಂಬುದು ಇದರ ತರ್ಕ. ತಡೆಯುವುದು ನಿಜ. ಎಷ್ಟು ಜೋರಿನಿಂದ ಬಡಿದ ಮೇಲೆ ತಡೆಯುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ. ಗಾಡಿ 60ರ ವೇಗದಲ್ಲಿದ್ದರೆ ಒಳಗೆ ಕುಳಿತ ಆಯಿಯೂ 60ರ ವೇಗದಲ್ಲೇ ಇದ್ದಾಳೆ. ಎದುರಿನ ಲಾರಿಗೋ ಮರಕ್ಕೋ ಗುದ್ದಿದಾಗ ಗಾಡಿ ನಿಲ್ಲುತ್ತದೆ, ಆಯಿ ನಿಲ್ಲುವುದಿಲ್ಲ. ಸೆಕೆಂಡಿನ ಹತ್ತರ ಒಂದು ಭಾಗದಲ್ಲಿ ಅವಳನ್ನು ನಿಲ್ಲಿಸಬೇಕೆಂದರೆ, 50 ಕಿಲೋ ತೂಕದ ಆ ಮೈಗೆ ಎಂಟು ಕ್ವಿಂಟಾಲ್‌ಗೂ ಮಿಕ್ಕಿದ ಒತ್ತಡ ಬೀಳುತ್ತದೆ. ಬೆಲ್ಟ್ ಇದ್ದರೆ ಆ ಒತ್ತಡ ಸೊಂಟದ ಎಲುಬು, ಪಕ್ಕೆಲುಬು, ಹೆಗಲಿನ ಎಲುಬುಗಳ ಮೇಲೆ ಹಂಚಿಕೊಂಡು ಬೀಳುತ್ತದೆ. ಇಲ್ಲದಿದ್ದರೆ ಹಣೆ, ಕುತ್ತಿಗೆ, ಮೊಣಕಾಲು, ಯಾವುದು ಮೊದಲು ತಾಗುತ್ತದೋ ಅದರ ಮೇಲೆ ಅಷ್ಟೂ ಬೀಳುತ್ತದೆ.

ಇದೇ ಮಾತನ್ನು ಎತ್ತರದ ಲೆಕ್ಕದಲ್ಲೂ ಹೇಳಬಹುದು. 80 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೂ 25 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಒಂದೇ. ನಮ್ಮ ಗೋಳಗುಮ್ಮಟದ ಎತ್ತರ 51 ಮೀಟರ್. ಅಂದರೆ ಹೊರ್ತಿ ದಾಟಿ 80ರಲ್ಲಿ ಹೊರಟವರು ಗುಮ್ಮಟದ ಅರ್ಧ ಎತ್ತರದ ಅಂಚಿನಲ್ಲಿ ಕುಳಿತಿದ್ದಾರೆ. ನಾಲ್ಕು ಸಾಲಿನ ರಸ್ತೆ ಸಿಕ್ಕಿತೆಂದು 115ಕ್ಕೆ ಹೋದವರು ಗುಮ್ಮಟದ ನೆತ್ತಿಯ ಮೇಲಿದ್ದಾರೆ. ಪಿಸುಗುಟ್ಟುವ ಗ್ಯಾಲರಿಯ ಅಂಚಿಗೆ ಹೋದ ಮಗುವಿನ ರಟ್ಟೆ ಹಿಡಿದು ಹಿಂದಕ್ಕೆ ಎಳೆಯದ ತಾಯಿಯನ್ನು ನಾನು ಈವರೆಗೆ ಕಂಡಿಲ್ಲ. ಅದೇ ತಾಯಿ ಹೆದ್ದಾರಿಯಲ್ಲಿ ಅದೇ ಮಗುವನ್ನು ಎರಡು ಮುಂದಿನ ಸೀಟುಗಳ ನಡುವೆ ನಿಲ್ಲಿಸಿ ಎದುರಿನ ಗಾಜಿನಿಂದ ರಸ್ತೆ ತೋರಿಸುತ್ತಾಳೆ.

‘ನಮ್ಮದು ಹೆದ್ದಾರಿ ಅಲ್ಲ, ಊರ ರಸ್ತೆ, 40 ದಾಟೂದಿಲ್ಲ’ ಎನ್ನುವವರಿದ್ದಾರೆ. 40 ಎಂದರೂ ಆರು ಮೀಟರ್‌ಗಿಂತ ಹೆಚ್ಚಿನ ಎತ್ತರ, ಎರಡಂತಸ್ತಿನ ಮಾಳಿಗೆಯಿಂದ ಬಿದ್ದ ಲೆಕ್ಕ. ಹತ್ತು ಕಿಲೋ ತೂಗುವ ಕೂಸನ್ನು ಆ ವೇಗದಲ್ಲಿ ಮಡಿಲಲ್ಲೇ ಹಿಡಿದು ನಿಲ್ಲಿಸಲು ತಾಯಿಯ ಕೈಗೆ ಒಂದು ಕ್ವಿಂಟಾಲ್‌ಗೂ ಹೆಚ್ಚು ಭಾರ ತಡೆಯುವ ಶಕ್ತಿ ಬೇಕು. ಯಾವ ತಾಯಿಗೂ ಅದಿಲ್ಲ. ‘ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ’ ಎಂಬುದು ಪ್ರೀತಿಯ ಮಾತು. ಆ ಹೊತ್ತಿಗೆ ಪ್ರೀತಿಯ ಕೈ ಸಾಲುವುದಿಲ್ಲ.

ನಿಧಾನದ ರಸ್ತೆಯಲ್ಲಿ ಹಿಂದೆ ಕುಳಿತವರಿಗೆ ಏನೂ ಆಗದು ಎನ್ನುವವರು ಗೋಪಿನಾಥ ಮುಂಡೆಯವರನ್ನು ನೆನಪಿಸಿಕೊಳ್ಳಬೇಕು. ನಮ್ಮ ಗಡಿಭಾಗಕ್ಕೆ ಅವರು ಪರಕೀಯರಲ್ಲ. ಪ್ರತಿ ಹಂಗಾಮಿನಲ್ಲಿ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ನಮ್ಮ ಕಡೆ ಬರುವ ಗ್ಯಾಂಗುಗಳ ಜನಕ್ಕೆ ಅವರು ದೊಡ್ಡ ನಾಯಕ. ಕೇಂದ್ರ ಮಂತ್ರಿಯಾಗಿ ವಾರವಷ್ಟೇ ಆಗಿತ್ತು. 2014ರ ಜೂನ್ 3ರ ಬೆಳಗ್ಗೆ ದೆಹಲಿಯ ನಡುವಿನ ಒಂದು ಚೌಕದಲ್ಲಿ ಅವರ ಕಾರಿಗೆ ಇನ್ನೊಂದು ಕಾರು ಪಕ್ಕದಿಂದ ಗುದ್ದಿತು. ಅದು ಹೆದ್ದಾರಿಯಲ್ಲ, ಮಂತ್ರಿಗಳ ಬಂಗಲೆಗಳ ರಸ್ತೆ. ಗುದ್ದಿದ್ದು ಲಾರಿಯೂ ಅಲ್ಲ, ಸಣ್ಣ ಕಾರು. ಮುಂಡೆ ಹಿಂದಿನ ಸೀಟಿನಲ್ಲಿದ್ದರು. ಅವರೊಬ್ಬರೇ ಹೋದರು. ಹಿಂದಿನ ಬೆಲ್ಟ್ ಹಾಕಿದ್ದರೆ ಉಳಿಯುತ್ತಿದ್ದರು ಎಂದು ಆಗಿನ ಆರೋಗ್ಯ ಮಂತ್ರಿ, ಸ್ವತಃ ವೈದ್ಯರಾದ ಹರ್ಷವರ್ಧನ್ ಅವರೇ ನೊಂದು ಹೇಳಿದರು.

ಎಂಟು ವರ್ಷದ ಮೇಲೆ, 2022ರ ಸೆಪ್ಟೆಂಬರ್ 4ರಂದು, ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ. ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆಗೆ ಅವರಿದ್ದ ಮರ್ಸಿಡಿಸ್ ಗುದ್ದಿತು. ನಾಲ್ವರಿದ್ದರು. ಮುಂದಿದ್ದ ಇಬ್ಬರು ತೀವ್ರ ಗಾಯಗಳೊಂದಿಗೆ ಉಳಿದರು. ಹಿಂದಿದ್ದ ಇಬ್ಬರು ಸತ್ತರು. ಅವರಿಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ನಾವು ಮರದ ಕಟ್ಟೆಯ ಮೇಲೆ ಕುಳಿತು ಹೇಳುವ ‘ಮುಂದ ಕುಂತವ ಮೊದಲು ಹೋಗ್ತಾನ’ ಎಂಬ ಮಾತು ಆ ಸೇತುವೆಯ ಮೇಲೆ ಅಕ್ಷರಶಃ ತಲೆಕೆಳಗಾಯಿತು. ಅದರಿಂದ ಒಂದೆರಡು ತಿಂಗಳು ಊರೂರಲ್ಲಿ ಚರ್ಚೆ ನಡೆಯಿತು, ಮಂತ್ರಿಗಳು ಹೇಳಿಕೆ ಕೊಟ್ಟರು, ಆಮೇಲೆ ಬೆಲ್ಟು ಮತ್ತೆ ಸೀಟಿನ ಸಂದಿಗೆ ಹೋಯಿತು.

ಬೆಲ್ಟ್ ಹಾಕದ ಹಿಂದಿನವರು ತಾವೊಬ್ಬರೇ ಸಾಯುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಜಪಾನಿನ ಅಪಘಾತಗಳ ದಾಖಲೆಯನ್ನು ಟೋಕಿಯೋ ವಿಶ್ವವಿದ್ಯಾಲಯದವರು ಪರಿಶೀಲಿಸಿ 2002ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ಬೆಲ್ಟ್ ಹಾಕಿಕೊಂಡು ಕುಳಿತವರು ಸಾಯುವ ಸಂಭವ, ಹಿಂದಿನವರು ಬೆಲ್ಟ್ ಹಾಕದಿದ್ದಾಗ ಸುಮಾರು ಐದು ಪಟ್ಟು ಹೆಚ್ಚುತ್ತದೆ ಎಂದು ಅವರು ಕಂಡರು. ಕಾರಣ ಸರಳ: ಹಿಂದಿನಿಂದ ಹಾರಿ ಬಂದ ಮೈ ಮುಂದಿನ ಸೀಟನ್ನು ತಳ್ಳಿ, ಅಲ್ಲಿದ್ದವರನ್ನು ಸ್ಟೇರಿಂಗಿಗೂ ಸೀಟಿಗೂ ನಡುವೆ ಒತ್ತಿ ಅರೆಯುತ್ತದೆ. ಆದ್ದರಿಂದ ‘ನನ್ನ ಜೀವ, ನನ್ನ ಇಷ್ಟ’ ಎಂಬ ಮಾತು ಕಾರಿನೊಳಗೆ ನಡೆಯುವುದಿಲ್ಲ. ಹಿಂದೆ ಕುಳಿತ ಮಾವ ಬೆಲ್ಟ್ ಬೇಡವೆಂದರೆ ಅವನು ಪಣಕ್ಕಿಟ್ಟದ್ದು ಗಾಡಿ ಓಡಿಸುವ ಅಳಿಯನ ಜೀವವನ್ನು.

ಈ ವಾದಕ್ಕೆ ಎದುರಾಗಿ ಇತ್ತೀಚೆಗೆ ನಮ್ಮ ಕಡೆ ಒಂದು ಹೊಸ ಮಾತು ಹುಟ್ಟಿದೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ, ಜತ್ತ ತಾಲ್ಲೂಕಿನ ಮೊರಬಗಿಯ ಕುಟುಂಬವೊಂದು ಬೆಂಗಳೂರಿನಿಂದ ಊರಿಗೆ ಹೊರಟಿದ್ದಾಗ, ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಬಂದು ಅವರ ವೋಲ್ವೋ ಕಾರಿನ ಮೇಲೆ ಮಗುಚಿತು. ಮಕ್ಕಳೂ ಸೇರಿ ಆರೂ ಜನ ಅಲ್ಲೇ ಮುಗಿದರು. ಜತ್ತ ನಮ್ಮ ಪಕ್ಕದ ತಾಲ್ಲೂಕು. ಆಡುವ ಮಾತು ನಮ್ಮದೇ. ಗಡಿಯ ಈಚೆ ಆಚೆ ಎರಡೂ ಕಡೆ ಜನ ಅತ್ತರು. ಅತ್ತ ಮೇಲೆ ಕೆಲವರು ತೀರ್ಮಾನ ಕೊಟ್ಟರು: ‘ಅಂಥಾ ವೋಲ್ವೋದಾಗ ಕುಂತವರ ಉಳೀಲಿಲ್ಲ, ನಿಮ್ಮ ಬೆಲ್ಟ್ ಏನ್ ಉಳಸ್ತದ?’

ಸತ್ತವರ ನೋವನ್ನು ಇಟ್ಟುಕೊಂಡು ಇಂಥ ತರ್ಕ ಕಟ್ಟುವುದು ಅವರಿಗೂ ಅನ್ಯಾಯ, ಬದುಕಿರುವವರಿಗೂ ಅನ್ಯಾಯ. ಇಡೀ ಕಂಟೇನರ್ ಮೇಲೆ ಬಿದ್ದರೆ ಭೂಮಿಯ ಮೇಲಿನ ಯಾವ ಕಾರೂ ತಾಳುವುದಿಲ್ಲ. ಅದು ಲಕ್ಷಕ್ಕೊಂದು ನಡೆಯುವಂಥದ್ದು. ದಿನನಿತ್ಯ ನಮ್ಮ ರಸ್ತೆಯಲ್ಲಿ ನಡೆಯುವುದು ಬೇರೆ: ಗಾಡಿ ರಸ್ತೆ ಬಿಟ್ಟು ಹೊಲಕ್ಕಿಳಿದು ಪಲ್ಟಿಯಾಗುತ್ತದೆ, ಬಾಗಿಲು ತೆರೆದುಕೊಂಡು ಒಳಗಿದ್ದವರು ಹೊರಗೆ ಹಾರಿ ಅದೇ ಗಾಡಿಯ ಕೆಳಗೆ ಸಿಗುತ್ತಾರೆ, ದೀಪವಿಲ್ಲದೆ ನಿಂತ ಟ್ರೇಲರಿಗೆ ಹಿಂದಿನಿಂದ ಬಡಿಯುತ್ತದೆ, ಕ್ರಾಸಿನಲ್ಲಿ ಪಕ್ಕದಿಂದ ಟಿಪ್ಪರ್ ತಾಗುತ್ತದೆ. ಬೆಲ್ಟ್ ಕೆಲಸ ಮಾಡುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಮುಂದಿನವರ ಸಾವಿನ ಸಂಭವವನ್ನು ಬೆಲ್ಟ್ ಅರ್ಧದಷ್ಟು ತಗ್ಗಿಸುತ್ತದೆ, ಹಿಂದಿನವರದನ್ನು ಕಾಲು ಭಾಗದಷ್ಟು. ‘ಕಾಲು ಭಾಗ ಅಷ್ಟೇನಾ’ ಎನ್ನುವವರು, ಸಾಯಲಿದ್ದ ನಾಲ್ವರಲ್ಲಿ ಉಳಿಯುವ ಆ ಒಬ್ಬ ಯಾರಾಗಿರಬಹುದು ಎಂದು ತಮ್ಮ ಮನೆಯ ಮಂದಿಯ ಮುಖ ನೋಡಿ ಯೋಚಿಸಲಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುವಂತೆ 2022ರಲ್ಲಿ ದೇಶದಲ್ಲಿ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ 8,331 ಜನ ಚಾಲಕರಲ್ಲ, ಪ್ರಯಾಣಿಕರು. ಹೆಚ್ಚುಕಡಿಮೆ ಅರ್ಧ!

ಗಾಡಿಯ ಗಟ್ಟಿತನದ ಬಗ್ಗೆ ಇನ್ನೂ ಒಂದು ಮಾತು. ದಪ್ಪ ತಗಡಿನ ಹಳೆಯ ಜೀಪು ಗುದ್ದಿದರೂ ನುಗ್ಗಾಗುವುದಿಲ್ಲ ಎಂದು ಹೆಮ್ಮೆಪಡುತ್ತೇವೆ. ಗಾಡಿಯ ಮೂತಿ ನುಗ್ಗಾಗಬೇಕು. ಅದು ಮಡಚಿಕೊಂಡಷ್ಟೂ ಒಳಗಿದ್ದವರು ನಿಲ್ಲಲು ಹೆಚ್ಚು ಸಮಯ ಸಿಗುತ್ತದೆ, ಹೊಡೆತ ಕಡಿಮೆಯಾಗುತ್ತದೆ. ಆ ಲಾಭ ದೊರೆಯುವುದು ಬೆಲ್ಟಿನಿಂದ ಗಾಡಿಗೆ ಬಿಗಿದುಕೊಂಡವರಿಗೆ ಮಾತ್ರ. ಸಡಿಲ ಕುಳಿತವರು ಮೂತಿ ಮಡಚುವಷ್ಟೂ ಹೊತ್ತು ಹಾರುತ್ತಲೇ ಇರುತ್ತಾರೆ. ಈಗಿನ ಮೂರು ಬಿಂದುವಿನ ಬೆಲ್ಟನ್ನು 1959ರಲ್ಲಿ ರೂಪಿಸಿದ ಸ್ವೀಡನ್ನಿನ ನಿಲ್ಸ್ ಬೋಲಿನ್ ಮೊದಲು ಯುದ್ಧವಿಮಾನದಿಂದ ಪೈಲಟ್‌ನನ್ನು ಹೊರಕ್ಕೆಸೆಯುವ ಸೀಟುಗಳ ಎಂಜಿನಿಯರ್ ಆಗಿದ್ದ. ಮೈಗೆ ಎಂಥ ಹೊಡೆತ ಎಲ್ಲಿ ಬಿದ್ದರೆ ಮನುಷ್ಯ ಉಳಿಯುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಅವನ ಕಂಪನಿ ವೋಲ್ವೋ ಆ ಪೇಟೆಂಟನ್ನು ಎಲ್ಲ ಕಾರು ತಯಾರಕರಿಗೂ ಬಿಟ್ಟುಕೊಟ್ಟಿತು. ಜಗತ್ತಿಗೆ ಪುಕ್ಕಟೆ ಸಿಕ್ಕ ಆ ವಸ್ತುವನ್ನು, ಕಾರಿನ ಬೆಲೆಯಲ್ಲಿ ದುಡ್ಡು ಕೊಟ್ಟು ತಂದು, ಬಳಸದೆ ಬಿಟ್ಟಿದ್ದೇವೆ.

ಏರ್‌ಬ್ಯಾಗಿನ ಭರವಸೆ ಇದಕ್ಕಿಂತ ಅಪಾಯದ್ದು. ಏರ್‌ಬ್ಯಾಗ್ ಬೆಲ್ಟಿನ ಬದಲಿಗೆ ಬಂದದ್ದಲ್ಲ. ಬೆಲ್ಟ್ ಮೈಯನ್ನು ಹಿಡಿದಾಗ ತಲೆ ಮಾತ್ರ ಮುಂದಕ್ಕೆ ಬಾಗುತ್ತದಲ್ಲ, ಆ ತಲೆಗಾಗಿ ಮಾಡಿದ್ದು. ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಸ್ಫೋಟದ ಜೋರಿನಲ್ಲೇ ಅದು ಉಬ್ಬುತ್ತದೆ. ಬೆಲ್ಟ್ ಇಲ್ಲದವರು ಅಷ್ಟರಲ್ಲಿ ಅದರ ಬಾಯಿಗೇ ಹೋಗಿರುತ್ತಾರೆ. ನೆಲಮಂಗಲದ ದುರಂತ ನಡೆದ ದಿನವೇ, ರಾತ್ರಿ, ನವಿ ಮುಂಬಯಿಯ ವಾಶಿಯಲ್ಲಿ ಒಂದು ಸಣ್ಣ ಅಪಘಾತವಾಯಿತು. ಮುಂದಿದ್ದ ಗಾಡಿ ಡಿವೈಡರಿಗೆ ತಾಗಿ ಹಿಂಭಾಗ ಎದ್ದು ಹಿಂದಿನ ಕಾರಿನ ಮೇಲೆ ಬಿತ್ತು, ಏರ್‌ಬ್ಯಾಗ್ ತೆರೆಯಿತು. ದೊಡ್ಡವರಿಗೆ ಸಣ್ಣಪುಟ್ಟ ಗಾಯ. ಮುಂದಿನ ಸೀಟಿನಲ್ಲಿದ್ದ ಆರು ವರ್ಷದ ಹುಡುಗ ಸತ್ತ. ನಮ್ಮ ಊರುಗಳಲ್ಲಿ ಸಂಜೆಗೊಮ್ಮೆ ಪೇಟೆಯಲ್ಲಿ ನಿಂತು ನೋಡಿ: ಎಷ್ಟು ಅಪ್ಪಂದಿರು ಮಗನನ್ನು ಸ್ಟೇರಿಂಗಿಗೂ ಎದೆಗೂ ನಡುವೆ ಕೂರಿಸಿಕೊಂಡು, ಹಾರ್ನ್ ಹೊಡೆಸುತ್ತ, ಹೆಮ್ಮೆಯಿಂದ ಒಂದು ಸುತ್ತು ಹಾಕುತ್ತಾರೆ ಎಂದು. ಆ ಮಗುವಿನ ನೆತ್ತಿ ಇರುವುದು ಏರ್‌ಬ್ಯಾಗಿನ ಮುಚ್ಚಳದಿಂದ ಗೇಣಿನ ಅಂತರದಲ್ಲಿ.

ಡ್ಯಾಶ್‌ಬೋರ್ಡಿನ ಎಡಭಾಗದಲ್ಲೂ ಅಂಥದೇ ಮುಚ್ಚಳವಿದೆ. ಅದರ ಮೇಲೆಯೇ ಗಣಪತಿಯನ್ನೋ ಬಸವಣ್ಣನನ್ನೋ ಅಂಟಿಸುತ್ತೇವೆ, ಪಕ್ಕದಲ್ಲಿ ಅತ್ತರಿನ ಬಾಟಲಿ ಇಡುತ್ತೇವೆ. ಮುಚ್ಚಳ ಸಿಡಿದಾಗ ಅವೆಲ್ಲ ಎದುರಿಗೆ ಕುಳಿತವರ ಮುಖಕ್ಕೆ ಬರುತ್ತವೆ. ದೇವರನ್ನು ಗಾಡಿಯಲ್ಲಿ ಇಡಬೇಡಿ ಎಂದು ನಾನು ಹೇಳುತ್ತಿಲ್ಲ. ಆ ಮುಚ್ಚಳದ ಮೇಲೆ ಇಡಬೇಡಿ. ಕಾಲನ್ನಂತೂ ಅಲ್ಲಿಗೆ ಚಾಚಲೇಬೇಡಿ, ತೊಡೆಯ ಎಲುಬು ಸೊಂಟಕ್ಕೆ ಹೊಕ್ಕೀತು.

ಇನ್ನು ಸೀಟ್ ಕವರ್. ಈ ಇಡೀ ರೋಗದ ಗುರುತು ಅಲ್ಲಿದೆ. ಹೊಸ ಗಾಡಿ ಶೋರೂಮಿನಿಂದ ಹೊರಬಂದು ಮೊದಲು ಹೋಗುವುದು ಗುಡಿಗೆ, ಎರಡನೆಯದಾಗಿ ಕವರ್ ಹಾಕುವ ಅಂಗಡಿಗೆ. ಪರಿಚಯದವರೊಬ್ಬರ ಮೂರು ವರ್ಷದ ಕಾರಿನಲ್ಲಿ ಹಿಂದೆ ಕುಳಿತು ಬೆಲ್ಟ್ ಎಳೆದೆ, ಸಲೀಸಾಗಿ ಬಂತು. ಸಿಗಿಸಲು ಕೊಂಡಿ ಇರಲಿಲ್ಲ. ಕೆಂಪು ಗುಂಡಿಯ ಆ ಕೊಂಡಿಗಳು ಕೂರುವ ಮೆತ್ತೆಯ ಕೆಳಗೆ ಹೋಗಿದ್ದವು. ಮೇಲೆ ಹೊಲಿದ ರೆಕ್ಸಿನ್ ಸಂದಿಯನ್ನೇ ಮುಚ್ಚಿಬಿಟ್ಟಿತ್ತು. ಮೆತ್ತೆ ಎತ್ತಿದಾಗ ಶೇಂಗಾ ಸಿಪ್ಪೆ, ಬಿಸ್ಕಿಟಿನ ಹುಡಿ, ಮಗುವಿನ ಒಂದು ಕಾಲುಚೀಲದ ಜೊತೆ ಮೂರು ಕೊಂಡಿಗಳೂ ಪ್ಲಾಸ್ಟಿಕ್ ಸುತ್ತಿದ ಹಾಗೇ ಸಿಕ್ಕವು. ಕಾರ್ಖಾನೆಯಲ್ಲಿ ಸುತ್ತಿದ ಆ ಪ್ಲಾಸ್ಟಿಕ್ಕನ್ನು ಮೂರು ವರ್ಷ ಯಾರೂ ಮುಟ್ಟಿರಲಿಲ್ಲ. ಆ ಮನೆಯ ಮಗಳ ಮದುವೆ, ಬಾಣಂತನ, ಪಂಢರಪುರದ ಯಾತ್ರೆ ಎಲ್ಲ ಆದದ್ದು ಅದೇ ಗಾಡಿಯಲ್ಲಿ. ಕವರ್ ಹಾಕಿದವನನ್ನು ಕೇಳಿದರೆ ‘ಗಿರಾಕಿನ ಹೇಳ್ತಾರ್ರಿ, ಕೊಂಡಿ ಚುಚ್ಚತಾವ, ಒಳಗ ಹಾಕು ಅಂತ’ ಎಂದ. ಕೂರುವಾಗ ಚುಚ್ಚುತ್ತದೆ ಎಂಬ ಕಾರಣಕ್ಕೆ ಜೀವದ ಕೊಂಡಿಯನ್ನು ಹೂತುಬಿಡುತ್ತೇವೆ. ಸೀಟಿನ ಪಕ್ಕೆಯೊಳಗೆ ಏರ್‌ಬ್ಯಾಗ್ ಇರುವ ಗಾಡಿಗಳಿಗಂತೂ ಸಿಕ್ಕ ಕವರ್ ಹೊಲಿಸಿದರೆ ಅದು ತೆರೆಯಬೇಕಾದ ಕಡೆ ತೆರೆಯುವುದೇ ಇಲ್ಲ.

ಮುಂದಿನ ಸೀಟಿನಲ್ಲಿ ಈ ಹೂಳುವ ಕೆಲಸವನ್ನು ಬೇರೆ ರೀತಿ ಮಾಡುತ್ತೇವೆ. ಬೆಲ್ಟ್ ಹಾಕದಿದ್ದರೆ ಗಾಡಿ ಕಿರುಚುತ್ತದೆ. ಆ ಕಿರುಚಾಟ ನಿಲ್ಲಿಸಲು ಕೊಂಡಿಗೆ ಸಿಗಿಸುವ ಸುಳ್ಳು ಕ್ಲಿಪ್ ಮಾರುತ್ತಾರೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳ ಮೇಲೆ ಆದೇಶ ಹೊರಡಿಸಿ ಇಂಥ 13,118 ಮಾರಾಟದ ಪಟ್ಟಿಗಳನ್ನು ತೆಗೆಸಿತು. ಆ ಕ್ಲಿಪ್ ಇಟ್ಟುಕೊಂಡ ಮನೆ ಯಾವುದೇ ಇರಲಿ, ಇವತ್ತೇ ಬಿಸಾಡಬೇಕು. ಬೆಲ್ಟ್ ಇಲ್ಲ ಎಂದು ಎಚ್ಚರಿಸುವ ಏಕೈಕ ದನಿಯನ್ನು ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ್ದೇವೆ.

ನಮ್ಮ ರಸ್ತೆಗಳ ಸ್ಥಿತಿ ಬಲ್ಲವರು ಬೇರೊಂದು ವಾದ ತರುತ್ತಾರೆ, ಅದರಲ್ಲಿ ಅರ್ಧ ಸತ್ಯವಿದೆ. ‘ತಪ್ಪು ನಮ್ಮದಲ್ಲ, ಟ್ರ್ಯಾಕ್ಟರ್‌ನವರದು.’ ಹೌದು. ಹಂಗಾಮು ಶುರುವಾದರೆ ಮರಗೂರು, ಹಾವಿನಾಳದ ಕಾರ್ಖಾನೆಗಳ ಕಡೆಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಕಬ್ಬಿನ ಸಾಲೇ ಸಾಲು. ಸಂಕ್ರಾಂತಿಗೆ ಚಡಚಣದ ಸಂಗಮೇಶ್ವರ ಜಾತ್ರೆಯ ಕಡೆ ಹೊರಟ ದನದ ಗಾಡಿಗಳು. ರಾತ್ರಿ ರಸ್ತೆಯ ಮೇಲೇ ನಿಂತ ರಾಶಿ ಯಂತ್ರಗಳು. 2024ರ ಡಿಸೆಂಬರ್ 6ರಂದು ತಾಳಿಕೋಟೆ ತಾಲ್ಲೂಕಿನ ಬಿಳೇಭಾವಿ ಕ್ರಾಸ್ ಬಳಿ ಕಾರೊಂದು ರಾಶಿ ಯಂತ್ರಕ್ಕೆ ಡಿಕ್ಕಿಯಾಗಿ ಐವರು ಹೋದರು. 2025ರ ಮೇ 21ರ ಬೆಳಗ್ಗೆ ಮನಗೂಳಿ ಹತ್ತಿರ ಡಿವೈಡರ್ ಹಾರಿದ ಕಾರು ಎದುರಿನ ಖಾಸಗಿ ಬಸ್ಸಿಗೆ ಬಡಿದು ಆರು ಜನ ಹೋದರು. ಇವನ್ನು ಬೆಲ್ಟಿನ ಲೆಕ್ಕಕ್ಕೆ ಬರೆಯಲು ಹೇಳುತ್ತಿಲ್ಲ, ನಾವು ಓಡಾಡುವ ರಸ್ತೆ ಎಂಥದು ಎಂದು ನೆನಪಿಸುತ್ತಿದ್ದೇನೆ. ಟ್ರೇಲರಿಗೆ ರಿಫ್ಲೆಕ್ಟರ್ ಹಾಕಿಸದ ಕಾರ್ಖಾನೆಯನ್ನೂ ಇಲಾಖೆಯನ್ನೂ ಕೇಳಲೇಬೇಕು, ಕೇಳೋಣ. ಆದರೆ ಇನ್ನೊಬ್ಬನ ತಪ್ಪಿನಿಂದ ಗಾಡಿ ಗುದ್ದುವ ರಸ್ತೆಯಲ್ಲೇ ಬೆಲ್ಟಿನ ಅಗತ್ಯ ಹೆಚ್ಚು. ನಾನು ಜಾಣ ಡ್ರೈವರ್ ಎಂಬ ಮಾತು ನಿಂತ ಟ್ರೇಲರಿಗೆ ಗೊತ್ತಿರುವುದಿಲ್ಲ.

‘ಕೆನಾಲಿಗೆ ಬಿದ್ದರೆ ಬೆಲ್ಟ್ ಬಿಚ್ಚಾಕ ಬರೂದಿಲ್ಲ, ಬೆಂಕಿ ಹತ್ತಿದರ ಸಿಕ್ಕೊಂಡು ಸಾಯ್ತೀವಿ.’ ಈ ಭಯ ನಿಜವಾದ ಭಯ. ಇಂಡಿ ಕಾಲುವೆಯ ದಂಡೆಯ ಮೇಲೆ ಓಡಾಡುವವರನ್ನು ಹಗುರವಾಗಿ ಕಾಣಲಾರೆ. ಆದರೆ ಗಾಡಿ ನೀರಿಗೆ ಬೀಳುವ ಮೊದಲು ದಂಡೆಗೆ, ಕಲ್ಲಿಗೆ, ನೀರಿಗೆ ಬಡಿಯುತ್ತದೆ. ಬೆಲ್ಟ್ ಇಲ್ಲದವನು ಆ ಬಡಿತದಲ್ಲೇ ಪ್ರಜ್ಞೆ ತಪ್ಪುತ್ತಾನೆ. ಪ್ರಜ್ಞೆಯಲ್ಲಿದ್ದವನಿಗೆ ಕೆಂಪು ಗುಂಡಿ ಒತ್ತಲು ಒಂದು ಸೆಕೆಂಡು ಸಾಕು; ಪ್ರಜ್ಞೆ ಇಲ್ಲದವನಿಗೆ ಬೆಲ್ಟ್ ಬಿಚ್ಚಿದ್ದರೂ ಏನು ಪ್ರಯೋಜನ? ಭಯವಿದ್ದವರು ಮನೆಯ ಮುಂದೆ ಗಾಡಿ ನಿಲ್ಲಿಸಿ ಕಣ್ಣು ಮುಚ್ಚಿ ಬೆಲ್ಟ್ ಬಿಚ್ಚುವುದನ್ನು ಆಯಿಗೂ ಮಕ್ಕಳಿಗೂ ಕಲಿಸಲಿ. ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಹಾಕಿದೆಯೋ ಇಲ್ಲವೋ ತಿಳಿದುಕೊಂಡಿರಲಿ. ಹೆಡ್‌ರೆಸ್ಟ್ ಇದ್ದಲ್ಲೇ ಇರಲಿ. ಮಲಗಲು ಅಡ್ಡ ಬರುತ್ತದೆಂದು ಅದನ್ನು ಕಿತ್ತು ಅಟ್ಟಕ್ಕೆ ಹಾಕಿದವರ ಕುತ್ತಿಗೆಗೆ ಹಿಂದಿನಿಂದ ಬಡಿದಾಗ ಆಸರೆಯೇ ಇರುವುದಿಲ್ಲ.

ಬಸುರಿಗೆ ಬೆಲ್ಟ್ ಹಾಕಬಾರದು, ಹೊಟ್ಟೆ ಒತ್ತುತ್ತದೆ ಎಂಬುದು ನಮ್ಮ ಹೆಣ್ಣುಮಕ್ಕಳೇ ಹೆಣ್ಣುಮಕ್ಕಳಿಗೆ ಹೇಳುವ ಮಾತು. ಎಲ್ಲಕ್ಕಿಂತ ನನಗೆ ಸಂಕಟ ಕೊಡುವುದು ಇದೇ. ಬೆಲ್ಟ್ ಇಲ್ಲದಿದ್ದರೆ ಆ ಹೊಟ್ಟೆಯೇ ಎದುರಿನ ಸೀಟಿಗೆ ಬಡಿಯುತ್ತದೆ. ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲೆ ಅಲ್ಲ, ಅದರ ಕೆಳಗೆ, ತೊಡೆ ಸೇರುವಲ್ಲಿ, ಎರಡು ಕಡೆಯ ಸೊಂಟದ ಎಲುಬುಗಳ ಮೇಲೆ ಬರುವಂತೆ ಬಿಗಿಯಾಗಿ ಎಳೆಯಬೇಕು. ಹೆಗಲಿನ ಪಟ್ಟಿ ಎರಡು ಸ್ತನಗಳ ನಡುವೆ ಬಂದು ಹೊಟ್ಟೆಯ ಪಕ್ಕದಿಂದ ಇಳಿಯಬೇಕು. ಸೀರೆಯ ನಿರಿಗೆ, ಶಾಲು ಪಟ್ಟಿಯ ಅಡಿಯಲ್ಲಿ ದಪ್ಪವಾಗಿ ಸೇರದಂತೆ ನೋಡಿಕೊಳ್ಳಬೇಕು. ಇಷ್ಟನ್ನು ತಾಲ್ಲೂಕು ಆಸ್ಪತ್ರೆಯ ತಾಯಿ ಕಾರ್ಡಿನ ಜೊತೆಗೆ ಆಶಾ ಕಾರ್ಯಕರ್ತೆಯರು ತೋರಿಸಿಕೊಡಬಹುದು; ಕುಬಸದ ದಿನ ಹಿರಿಯ ಮುತ್ತೈದೆಯೇ ಮುಂದೆ ನಿಂತು ಹಾಕಿಸಬಹುದು. ಕೂಸಿಗೆ ಹಿಮ್ಮುಖವಾಗಿ ಕಟ್ಟುವ ಮಕ್ಕಳ ಸೀಟು ಕೆಲವು ಸಾವಿರಕ್ಕೆ ಸಿಗುತ್ತದೆ. ತೊಟ್ಟಿಲಿಗೆ ಹಾಕುವ ದಿನ ಬೆಳ್ಳಿ ಬಟ್ಟಲು, ಚಿನ್ನದ ಉಂಗುರ ತರುವ ಸೋದರಮಾವ ಅದೊಂದನ್ನು ತಂದರೆ ಸಾಕು.

ಒಂದು ಕಾರಿನಲ್ಲಿ ಒಂಬತ್ತು ಜನ ತುಂಬುವವರಿಗೆ ಬೆಲ್ಟಿನ ಲೆಕ್ಕ ಹೇಳಿ ಪ್ರಯೋಜನವಿಲ್ಲ ಎಂಬುದು ನನಗೆ ಗೊತ್ತು. ಕಬ್ಬಿನ ಕೆಲಸಕ್ಕೋ ಕಳೆ ತೆಗೆಯಲೋ ಕ್ರೂಸರಿನ ಅಡ್ಡ ಬೆಂಚಿನಲ್ಲಿ ಕುಳಿತು ಹೋಗುವ ಬಡ ಹೆಂಗಸಿಗೆ ಬೆಲ್ಟೂ ಇಲ್ಲ, ಬೇರೆ ಗಾಡಿಯೂ ಇಲ್ಲ. ಅವಳನ್ನು ನಾನು ಬಯ್ಯುತ್ತಿಲ್ಲ; ಅವಳಿಗೆ ಹೊತ್ತಿಗೆ ಸರಿಯಾಗಿ ಬಸ್ ಬಿಡದವರನ್ನು ಬಯ್ಯಬೇಕು. ಬಸ್ತಾಕ್ಕೆ ಎರಡು ಲಕ್ಷದ ಸೀರೆ ಕೊಳ್ಳುವವರ ಮಾತು ಬೇರೆ. ಎರಡನೆಯ ಗಾಡಿಯ ಬಾಡಿಗೆ ಅವರಿಗೆ ಭಾರವಲ್ಲ. ಮದುಮಗಳನ್ನು ನಡುವೆ ಒತ್ತಿ, ಆಚೀಚೆ ಅಬಚಿ, ಕಾಕಿ, ಮಡಿಲ ಮೇಲೆ ಎರಡೆರಡು ಮಕ್ಕಳು, ಹಿಂದೆ ಡಿಕ್ಕಿಯಲ್ಲಿ ಮತ್ತಿಬ್ಬರು ಹುಡುಗರು, ಕಾಲ ಬುಡದಲ್ಲಿ ಹಿತ್ತಾಳೆಯ ಪಾತ್ರೆ ಎಂದು ತುಂಬುವುದು ಬಡತನವಲ್ಲ, ರೂಢಿ. ಆ ಪಾತ್ರೆಗಳೂ ಗುದ್ದಿದಾಗ 60ರ ವೇಗದಲ್ಲೇ ಹಾರುತ್ತವೆ.

‘ಹಣ್ಯಾಗ ಬರದಿದ್ದು ಯಾರ ತಪ್ಪಿಸ್ತಾರ’ ಎಂಬ ಕೊನೆಯ ಮಾತಿಗೆ ಉತ್ತರ ಹೇಳಲು ನನಗೆ ಬಹಳ ಹೊತ್ತು ಬೇಡ. ಹಣೆಬರಹ ನಂಬುವವರೂ ಬಾವಿಗೆ ಕಟ್ಟೆ ಕಟ್ಟುತ್ತಾರೆ, ಮನೆಗೆ ಕೀಲಿ ಹಾಕುತ್ತಾರೆ, ದ್ರಾಕ್ಷಿಗೆ ಔಷಧ ಹೊಡೆಯುತ್ತಾರೆ. ಮಾಡಲು ಮನಸ್ಸಿಲ್ಲದ ಕೆಲಸಕ್ಕೆ ಮಾತ್ರ ಹಣೆಬರಹದ ಹೆಸರು ಹೇಳುತ್ತಾರೆ.

ಕೇಳಬೇಕಾದವರನ್ನೂ ಕೇಳೋಣ. ಡ್ರೈವಿಂಗ್ ಸ್ಕೂಲುಗಳು ಕ್ಲಚ್, ಗೇರ್, ರಿವರ್ಸ್ ಕಲಿಸುತ್ತವೆ. ಗಾಡಿ ಹೊರಡುವ ಮೊದಲು ಹಿಂದೆ ತಿರುಗಿ ಕೂತವರ ಕೊಂಡಿ ನೋಡುವುದನ್ನು ಕಲಿಸುವುದಿಲ್ಲ. ವಿಜಯಪುರದ ಆರ್‌ಟಿಒ ಕಚೇರಿಯಲ್ಲಿ ಲೈಸೆನ್ಸ್ ಪರೀಕ್ಷೆಯ ಭಾಗವಾಗಿ ಅದನ್ನು ಕೇಳಬೇಕು. ಬಾಡಿಗೆ ಗಾಡಿಗೆ ಎಫ್‌ಸಿ ಕೊಡುವಾಗ ಹಿಂದಿನ ಕೊಂಡಿಗಳು ಕವರಿನ ಮೇಲೆ ಇವೆಯೇ ಎಂದು ಕೈ ಹಾಕಿ ನೋಡಬೇಕು. ಮದುವೆಗೆ ಗಾಡಿ ಮಾತಾಡುವವರು ಬಾಡಿಗೆ, ಡೀಸೆಲ್, ಡ್ರೈವರ್ ಬತ್ತಾ ಕೇಳುವ ಹಾಗೆಯೇ ‘ಹಿಂದಿನ ಬೆಲ್ಟ್ ಅದಾವೇನ್ರಿ?’ ಎಂದು ಕೇಳಲಿ. ಇಲ್ಲ ಎಂದರೆ ಬೇರೆ ಗಾಡಿ ನೋಡಲಿ. ನಾಲ್ಕು ಗಿರಾಕಿ ತಪ್ಪಿದರೆ ಐದನೆಯವನಿಗೆ ಮಾಲೀಕ ತಾನೇ ಕೊಂಡಿ ಹೊರಗೆ ತೆಗೆದಿಟ್ಟಿರುತ್ತಾನೆ.

ತುಳಸಿ ಲಗ್ನ ಮುಗಿದ ಕೂಡಲೆ ಮುಹೂರ್ತಗಳು ಶುರುವಾಗುತ್ತವೆ, ಚಡಚಣದ ಬಟ್ಟೆ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಲು ಜಾಗ ಇರುವುದಿಲ್ಲ. ಅದಕ್ಕೂ ಮೊದಲು ಯಾವುದಾದರೂ ರವಿವಾರ ಹಿಂದಿನ ಮೆತ್ತೆಯ ಮುಂದಿನ ಅಂಚನ್ನು ಎರಡು ಕೈಯಿಂದ ಮೇಲಕ್ಕೆಳೆಯಿರಿ. ಬಹಳಷ್ಟು ಗಾಡಿಗಳಲ್ಲಿ ಪಾನಾ ಇಲ್ಲದೆಯೇ ಎದ್ದು ಬರುತ್ತದೆ. ಕೊಂಡಿಗಳನ್ನು ಸಂದಿಯಿಂದ ಮೇಲೆ ತಂದು ಮೆತ್ತೆ ಮತ್ತೆ ಕೂರಿಸಿ. ಕವರ್ ಅಡ್ಡ ಬಂದರೆ ಬ್ಲೇಡಿನಿಂದ ಅಲ್ಲಿಗಷ್ಟೇ ಸೀಳಿ. ಪಟ್ಟಿಯನ್ನು ಮೆಲ್ಲಗೆ ಎಳೆಯಿರಿ. ಜಗ್ಗಿದರೆ ಹಿಡಿದುಕೊಳ್ಳುತ್ತದೆ, ಹಾಗೆ ಹಿಡಿದುಕೊಂಡರೆ ಅದು ಕೆಟ್ಟಿಲ್ಲ, ಸರಿಯಾಗಿದೆ ಎಂದು ಅರ್ಥ. ಆಮೇಲೆ ಮನೆಯ ಹಿರಿಯರನ್ನು ಕರೆದು ಹಿಂದೆ ಕೂರಿಸಿ, ಅವರ ಕೈಯಿಂದಲೇ ಒಮ್ಮೆ ಹಾಕಿಸಿ, ಬಿಚ್ಚಿಸಿ.